ಕಾರಿಗೊಂದು ವಾಯುವಿಹಾರ

ಬದಿಯಡ್ಕ ಪೇಟೆಗೂ ಸೊಸೈಟಿಗೂ ಮಾತ್ರ ಓಡುವ ನನ್ನ ಡೀಸೆಲ್ ಕಾರಿಗೆ ವಾರಕ್ಕೊಮ್ಮೆ ವಾಯುವಿಹಾರ ಮಾಡಿಸಬೇಕೆಂದು ಬಲ್ಲವರ ಆದೇಶವಾಗಿದೆ. ನಿವೃತ್ತ ಅಧ್ಯಾಪಕನಾದ ನನಗೆ ವೈದ್ಯರು ಬರೆದುಕೊಟ್ಟ ನಡಿಗೆ ಇದಕ್ಕಿಂತ ಸುಲಭದ್ದು. ಮಳೆ ಬಂದರೆ ಚಾವಡಿಯಲ್ಲೇ ನಾಲ್ಕು ಸುತ್ತು ಬಂದರೂ ನಡೆಯುತ್ತದೆ. ಕಾರಿಗೆ ಹಾಗಲ್ಲ. ಗಂಟೆಗೆ 60 ಕಿಲೋಮೀಟರಿಗೆ ಕಡಿಮೆಯಾಗದಂತೆ, ಎಲ್ಲಿಯೂ ನಿಲ್ಲದೆ, ಸುಮಾರು 20 ನಿಮಿಷ ಓಡುವ ಭಾಗ್ಯ ಅದಕ್ಕೆ ಬೇಕು. ಸಿಗದಿದ್ದರೆ ಸ್ಟಿಯರಿಂಗಿನ ಹಿಂದೆ ಹಳದಿ ದೀಪ ಹೊತ್ತಿಕೊಳ್ಳುತ್ತದೆ.

ಈ ದೀಪದ ಹುಟ್ಟು 2020ರ ಏಪ್ರಿಲ್ 1ರಂದು. ಅಂದು ದೇಶದ ಹೊಸ ವಾಹನಗಳೆಲ್ಲ, ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ಎಂಬ ನಿಯಮದ ಮೆಟ್ಟಿಲಲ್ಲಿ, ಬಿಎಸ್ 4ರಿಂದ ಐದನ್ನು ಬಿಟ್ಟು ನೇರವಾಗಿ ಬಿಎಸ್ 6ಕ್ಕೆ ಜಿಗಿದವು (ಮೂವತ್ತು ವರ್ಷದ ಅಧ್ಯಾಪನದಲ್ಲಿ ನಾನು ಯಾವ ಮಗುವಿಗೂ ಕೊಡದ ಬಡ್ತಿ). ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಡಿಪಿಎಫ್ ಎಂಬ ಜರಡಿ ಬಂದು ಕೂತಿತು. ಮಸಿಯನ್ನೆಲ್ಲ ಹಿಡಿದಿಟ್ಟುಕೊಂಡು, ತುಂಬಿದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದನ್ನು ಸುಟ್ಟು ಬರಿದಾಗುವುದು ಅದರ ಧರ್ಮ. ಆ ಶಾಖ ಹುಟ್ಟಿಸಲು ಇಂಜಿನ್ ಇನ್ನಷ್ಟು ಡೀಸೆಲ್ ಸುರಿಯುತ್ತದೆ. ನಡುವೆ ಕಾರು ನಿಲ್ಲಿಸಿದರೆ ಮಸಿ ಅರ್ಧ ಸುಟ್ಟು ಉಳಿಯುತ್ತದೆ, ಉರಿಯದ ಡೀಸೆಲ್ ಇಂಜಿನ್ ಆಯಿಲಿಗೆ ಸೇರುತ್ತದೆ. ಹೀಗಾಗಿ ಪರಿಸರದ ರಕ್ಷಣೆಗಾಗಿ ನಾನು ಕೆಲಸವಿಲ್ಲದಿದ್ದರೂ ಡೀಸೆಲ್ ಸುಡುತ್ತಾ ಊರು ಸುತ್ತಬೇಕಾಗಿದೆ.

ಸುತ್ತುವುದಾದರೂ ಎಲ್ಲಿ? ಬದಿಯಡ್ಕದ ಒಳರಸ್ತೆಗಳ ತಿರುವಿನಲ್ಲಿ 60ರ ವೇಗವನ್ನು ಖಾಸಗಿ ಬಸ್ಸಿನವರಿಗಲ್ಲದೆ ಬೇರೆಯವರಿಗೆ ದೇವರು ಕೊಟ್ಟಿಲ್ಲ. ಉಳಿದದ್ದು ಕುಂಬಳೆಗಿಳಿದರೆ ಸಿಗುವ ರಾಷ್ಟ್ರೀಯ ಹೆದ್ದಾರಿ 66. ಅದನ್ನು ಷಟ್ಪಥ ಮಾಡುವುದಕ್ಕಾಗಿ ವರ್ಷಗಟ್ಟಲೆ ಅಗೆದಿಟ್ಟಿದ್ದಾಗ ನನ್ನ ಕಾರು ಸರ್ವಿಸ್ ರಸ್ತೆಯಲ್ಲಿ, ಜಲ್ಲಿ ಲಾರಿಯ ಹಿಂದೆ, ಎರಡನೇ ಗೇರಿನಲ್ಲಿ ತನ್ನ ವಿಹಾರವನ್ನು ಪೂರೈಸುತ್ತಿತ್ತು. ವೇಗವಾಗಿ ಓಡದಿದ್ದರೆ ಕೆಡುವ ಯಂತ್ರವನ್ನು ಕಡ್ಡಾಯ ಮಾಡಿದವರಿಗೂ ಓಡುವ ದಾರಿಯನ್ನು ಅಗೆದವರಿಗೂ ಪರಸ್ಪರ ಪರಿಚಯವಿರಲಿಲ್ಲವೆಂದು ತೋರುತ್ತದೆ.

ದೀಪ ಆರದಿದ್ದಾಗ ಕಾಸರಗೋಡಿನ ಒಂದು ಸರ್ವಿಸ್ ಕೇಂದ್ರಕ್ಕೆ ಹೋದೆ. ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದ ಯುವಕ, "ಮಾಷೇ, ಡೀಸೆಲ್ ಎಲ್ಲಿ ಹಾಕಿಸುತ್ತೀರಿ?" ಎಂದು ಕೇಳಿದ. ತಲಪಾಡಿಯ ಆಚೆ ಎಂದೆ. ಲೀಟರಿಗೆ ನಾಲ್ಕು ಕಾಸು ಉಳಿಯುವುದಾದರೆ ಗಡಿ ದಾಟದ ಕಾಸರಗೋಡಿಗನುಂಟೇ? "ಹಾಗಾದರೆ ಅದೇ ಕಾರಣ, ಕರ್ನಾಟಕದ ಡೀಸೆಲ್ ಸರಿಯಿಲ್ಲ" ಎಂದು ತೀರ್ಪಾಯಿತು. ಮುಂದಿನ ತಿಂಗಳು ಅದೇ ದೀಪವನ್ನು ಮಂಗಳೂರಿಗೆ ಕೊಂಡೊಯ್ದರೆ ಅಲ್ಲಿಯವರು ನಂಬರ್ ಪ್ಲೇಟಿನ ಕೆಎಲ್ 14 ನೋಡಿ, "ಮಾಷ್ಟ್ರೇ, ನಿಮ್ಮ ಕಡೆಯ ರಸ್ತೆಯೇ ಹಾಗಲ್ಲವೇ" ಎಂದು ನಿಟ್ಟುಸಿರುಬಿಟ್ಟರು. ಬಿಎಸ್ 6 ಡೀಸೆಲಿನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಪಾಲು, ಮೀರಬಾರದೆಂಬ ನಿಯಮ ಗಡಿಯ ಎರಡೂ ಕಡೆಗೆ ಒಂದೇ ಎಂದು ನಾನು ಹೇಳಿ ನೋಡಿದೆ. 1956ರಿಂದ ಮುಗಿಯದ ಗಡಿತಗಾದೆಯನ್ನು ಒಂದು ಹಳದಿ ದೀಪದ ಮುಂದೆ ಮುಗಿಸಲು ಇಬ್ಬರಿಗೂ ಮನಸ್ಸಿರಲಿಲ್ಲ.

ಎರಡು ಕಡೆಯೂ ಒಮ್ಮತವಿದ್ದದ್ದು ಚಿಕಿತ್ಸೆಯಲ್ಲಿ. ಸ್ಕ್ಯಾನರಿನಲ್ಲಿ ಕಂಡ ದೋಷದ ಕೋಡನ್ನು ಅಳಿಸುವುದು, ದೀಪ ಆರಿದ್ದನ್ನು ತೋರಿಸುವುದು, ಬಿಲ್ ಕೊಡುವುದು. ಅನೇಕ ದೋಷಗಳು ಸತತ ಎರಡು ಓಟಗಳಲ್ಲಿ ಕಂಡ ಮೇಲೆಯೇ ಇಂಜಿನ್ ದೀಪ ಹೊತ್ತುವಂತೆ ಕಂಪ್ಯೂಟರಿಗೆ ಕಲಿಸಿರುತ್ತಾರೆ. ಹಾಗಾಗಿ ದೀಪ ಸರ್ವಿಸ್ ಕೇಂದ್ರದ ಗೇಟಿನ ಬಳಿ ಎಂದೂ ಹೊತ್ತುವುದಿಲ್ಲ, ಗೌರವದಿಂದ ನನ್ನ ಮನೆಯವರೆಗೆ ಬಂದು, ಮರುದಿನ ಸೊಸೈಟಿಯ ಎದುರು ಹೊತ್ತುತ್ತದೆ. ಮೂರನೆಯ ಭೇಟಿಗೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್, ನಾಲ್ಕನೆಯದಕ್ಕೆ ಸೆನ್ಸರ್ ಎಂದು ಅಪರಾಧಿಗಳು ಬದಲಾದರು. ಸ್ಕ್ಯಾನಿಂಗ್ ಶುಲ್ಕ ಬದಲಾಗಲಿಲ್ಲ.

ಕೊನೆಗೆ ಗ್ಯಾರೇಜಿನ ಹುಡುಗನೊಬ್ಬ ಗುಟ್ಟಿನಲ್ಲಿ ಪರಿಹಾರ ಸೂಚಿಸಿದ. ಜರಡಿಯ ಒಳಗಿನದನ್ನು ಕೆತ್ತಿ ತೆಗೆದು, ಎಲ್ಲವೂ ಕ್ಷೇಮವೆಂದು ಕಂಪ್ಯೂಟರಿಗೆ ಸುಳ್ಳು ಹೇಳಿಕೊಟ್ಟರೆ ದೀಪ ಜನ್ಮದಲ್ಲಿ ಹೊತ್ತದಂತೆ. ಕಾನೂನಿಗೆ ವಿರುದ್ಧವೆಂದು ನಾನು ಒಪ್ಪಲಿಲ್ಲ. ಆತ ನನ್ನನ್ನು ಕನಿಕರದಿಂದ ನೋಡಿದ.

ಅಷ್ಟರಲ್ಲಿ ಹೊಗೆ ಪರೀಕ್ಷೆಯ ಅವಧಿ ಮುಗಿದಿತ್ತು. ದೀಪ ಹೊತ್ತಿಸಿಕೊಂಡೇ, ಕಳ್ಳನ ಎದೆಬಡಿತದೊಂದಿಗೆ ಪರೀಕ್ಷಾ ಕೇಂದ್ರಕ್ಕೆ ಹೋದೆ. ಸೈಲೆನ್ಸರಿಗೆ ಕೊಳವೆ ತೂರಿಸಿ, ನಾಲ್ಕಾರು ಸಲ ಆಕ್ಸಿಲರೇಟರ್ ಒತ್ತಿಸಿದರು. ಮಸಿಯೆಲ್ಲ ಜರಡಿಯೊಳಗೆ ಸಿಕ್ಕಿಕೊಂಡು ಕಾರು ಉಸಿರುಗಟ್ಟುತ್ತಿದ್ದುದರಿಂದಲೇ ಹೊಗೆ ಹೊರಗೆ ಬರಲಿಲ್ಲ. ದೀಪದ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರಮಾಣಪತ್ರ ಕೈಗೆ ಬಂತು. ಅದರಲ್ಲಿ ಅಚ್ಚಾಗಿರುವ ಫೋಟೊದಲ್ಲಿ ನನ್ನ ಕಾರಿನ ಹಿಂಭಾಗ ಬಹಳ ಚೆನ್ನಾಗಿ ಬಂದಿದೆ.