ವ್ಯಾಸ, ಕರ್ಣ, ವಿಕರ್ಣ, ಕಂಸ

ಕನ್ನಡ ಮಾಧ್ಯಮದ ರೇಖಾಗಣಿತ ತೆರೆದರೆ ವ್ಯಾಸ, ಕರ್ಣ, ವಿಕರ್ಣ, ಕಂಸ. ಒಂದು ಯಕ್ಷಗಾನ ಮೇಳ ಕಟ್ಟುವಷ್ಟು ವೇಷ ಅಲ್ಲೇ ಇದೆ. ಇವರಲ್ಲಿ ಮಾರ್ಕು ನುಂಗುವ ಜೋಡಿ ಕರ್ಣ-ವಿಕರ್ಣರದ್ದು. ಆಯತದ ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ ಕರ್ಣ. ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹು ವಿಕರ್ಣ. ಹಿಂದಿ ಪುಸ್ತಕದಲ್ಲಿ ಹೆಸರುಗಳು ತಿರುಗಾಮುರುಗಾ. ಹಿಂದಿ ವಿಡಿಯೋ ನೋಡಿ ಕಲಿತ ಮಗುವನ್ನು ಬೈಯಬೇಡಿ ಮಾರಾಯ್ರೆ.

ಆಟ ನೋಡಿ ಬೆಳೆದ ಉಡುಪಿಯ ಮಕ್ಕಳಿಗೆ ಮದ್ದು ರಂಗಸ್ಥಳದಲ್ಲೇ ಇದೆ. ಕೌರವರ ಸಭೆಯಲ್ಲಿ ದ್ರೌಪದಿಯ ಪರ ಮಾತಾಡಿ ಅಣ್ಣನಿಗೇ ಎದುರು ನಿಂತವ ವಿಕರ್ಣ. ತ್ರಿಭುಜದಲ್ಲೂ ಅವನು ಲಂಬಕೋನಕ್ಕೆ ಎದುರು. ಕರ್ಣನೋ, ಪಾಂಡವರ ಮೂಲೆಯವ. ಹೋಗಿ ಸೇರಿದ್ದು ಎದುರು ಮೂಲೆಗೆ. ತ್ರಿಭುಜದಲ್ಲಿ ಇರುವ ಮೂಲೆಗಳೆಲ್ಲ ಅಕ್ಕಪಕ್ಕದವೇ ಆದ್ದರಿಂದ ಕರ್ಣನಿಗೆ ಅಲ್ಲಿ ಪ್ರವೇಶವಿಲ್ಲ.

ಕೆಡುವುದು ಚಿತ್ರ ತಿರುಗಿದಾಗ. ಓರೆ ಗೆರೆಯೇ ವಿಕರ್ಣ ಎಂದು ನಂಬಿದವರ ಮುಂದೆ ವಿಕರ್ಣವನ್ನು ಕೆಳಗೆ ಮಲಗಿಸಿದ ತ್ರಿಭುಜ ಇಡಿ. ಅದಕ್ಕೆ ಪಾದ ಎಂದು ಬರೆದು, ಉಳಿದ ಎರಡು ಓರೆಗಳಲ್ಲಿ ಯಾವುದಪ್ಪಾ ಎಂದು ಫ್ಯಾನು ನೋಡುತ್ತಾರೆ. ಮೊದಲು 90 ಡಿಗ್ರಿಯ ಪುಟ್ಟ ಚೌಕದ ಗುರುತಿಗೆ ಪೆನ್ಸಿಲ್ ಇಟ್ಟು ಎದುರಿನ ಗೆರೆಗೆ ಬಾಣ ಎಳೆಯಲಿ. ಹೆಸರು ಆಮೇಲೆ.

ಇನ್ನೊಂದು ತಕರಾರು: 6 ಮತ್ತು 8 ಸೆಂ.ಮೀ. ಆಯತದಲ್ಲಿ 10 ಸೆಂ.ಮೀ. ಗೆರೆ ಕರ್ಣ. ಅದರ ಉದ್ದಕ್ಕೇ ಕತ್ತರಿ ಆಡಿಸಿದರೆ, ಕೈಗೆ ಬಂದ ಎರಡೂ ತ್ರಿಭುಜಗಳಲ್ಲಿ ಅದೇ ಗೆರೆ ವಿಕರ್ಣ! ಒಬ್ಬನೇ ಕಲಾವಿದ ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಹೋಗಿ ಬೇರೆ ವೇಷದಲ್ಲಿ ಬರುವುದನ್ನು ಕಂಡ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ.

ವೃತ್ತಕ್ಕೆ ನೀರುದೋಸೆ. ಒಮ್ಮೆ ಮಡಚಿದರೆ ನೇರ ಅಂಚು ವ್ಯಾಸ. ಮತ್ತೊಮ್ಮೆ ಮಡಚಿದರೆ ಎರಡು ನೇರ ಅಂಚೂ ತ್ರಿಜ್ಯ, ಅವು ಕೂಡುವ ತುದಿ ಕೇಂದ್ರ, ಬಾಗಿದ ಅಂಚು ಕಂಸ. ನಡುವಿಗೆ ಸರಿಯಾಗಿ ಮಡಚದಿದ್ದರೆ ಸಿಗುವುದು ವ್ಯಾಸವಲ್ಲ, ಬರೀ ಜ್ಯಾ, ಅಂದರೆ ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ಗೆರೆ. ಚಟ್ನಿಗೆ ಅಡ್ಡಿಯಿಲ್ಲ, ಮಾರ್ಕಿಗೆ ಇದೆ. ತ್ರಿಜ್ಯದ ‘ತ್ರಿ’ ನೋಡಿ ಮೂರರಿಂದ ಗುಣಿಸುವವರೂ ಉಂಟು. ಆ ಮೂರು ರಾಶಿಗಳ ಲೆಕ್ಕ: ರಾಶಿಗೆ 30ರಂತೆ ಮೂರು ರಾಶಿ, ಅಂದರೆ 90 ಡಿಗ್ರಿಯ ಜ್ಯಾ (ಈ ಹಳೆಯ ಲೆಕ್ಕದಲ್ಲಿ ಜ್ಯಾ ಎಂದರೆ ದೋಸೆಯ ಗೆರೆಯಲ್ಲ, ಇಂದಿನ ಸೈನ್). ವ್ಯಾಸಕ್ಕೆ ಗುಣಿಸಬೇಕಾದ್ದು ಎರಡರಿಂದ.

ಎರಡು ಕೋನ ಕೂಡಿ 90 ಡಿಗ್ರಿಯಾದರೆ ಪೂರಕ, 180 ಆದರೆ ಪರಿಪೂರಕ. ಉದ್ದದ ಹೆಸರಿಗೆ ದೊಡ್ಡ ಮೊತ್ತ, ಅಷ್ಟೇ. ಇದಕ್ಕೂ ಕತೆ ಕಟ್ಟಹೋದರೆ ಕತೆಯೇ ಬಾಯಿಪಾಠವಾಗಿ, ‘ವಿಕರ್ಣ ಎಂದರೇನು?’ ಎಂಬ ಒಂದು ಅಂಕದ ಪ್ರಶ್ನೆಗೆ ‘ದುರ್ಯೋಧನನ ತಮ್ಮ’ ಎಂಬ ಉತ್ತರ ಬರುತ್ತದೆ. ಉತ್ತರವೇನೋ ಸರಿಯೇ, ಅಂಕ ಕೊಡಬೇಕಾದ್ದು ಕನ್ನಡ ಟೀಚರ್.