0.7ಕ್ಕೇ ಇಷ್ಟು ಗಾಬರಿನಾ ಸ್ವಾಮಿ?

ಅಮೆರಿಕದೋರ ಫ್ಲೋರೈಡ್ ಗಲಾಟೆ ನೀವೂ ನೋಡಿರ್ತೀರ. ಹಲ್ಲು ಹುಳುಕಾಗ್ದೆ ಇರ್ಲಿ ಅಂತ ಅಲ್ಲಿ ನಲ್ಲಿ ನೀರಿಗೆ ಲೀಟರ್‌ಗೆ 0.7 ಮಿಲಿಗ್ರಾಂ ಫ್ಲೋರೈಡ್ ಬೇಕಂತಲೇ ಬೆರೆಸ್ತಾರೆ, ಅದ್ರಿಂದ ಮಕ್ಕಳ ಐಕ್ಯೂ ಕಮ್ಮಿಯಾಗುತ್ತೆ ಅಂತ ಜನ ಕೋರ್ಟಿಗೆ ಹೋದ್ರು, 2024ರಲ್ಲಿ ಕ್ಯಾಲಿಫೋರ್ನಿಯಾದ ಜಡ್ಜ್ ಒಬ್ರು ಸರ್ಕಾರಕ್ಕೆ ಏನಾದ್ರೂ ಕ್ರಮ ತಗೊಳ್ಳಿ ಅಂದ್ರು, 2025ರಲ್ಲಿ ಯೂಟಾ ರಾಜ್ಯ ಬೆರೆಸೋದನ್ನೇ ಬ್ಯಾನ್ ಮಾಡ್ತು. ಬರೀ 0.7ಕ್ಕೆ! ನಮ್ಮ ಪಾವಗಡದಲ್ಲೋ ಬಾಗೇಪಲ್ಲಿಲೋ ಬೋರ್ ನೀರಲ್ಲಿ 0.7 ಬಂದ್ರೆ ಇಷ್ಟು ಕಮ್ಮಿನಾ, ರಿಪೋರ್ಟೇ ತಪ್ಪಿರ್ಬೇಕು ಅಂತ ಇನ್ನೊಂದ್ಸಲ ಟೆಸ್ಟಿಗೆ ಕಳಿಸ್ತೀವಿ.

ನಮ್ಗೆ ಬೆರೆಸೋ ಖರ್ಚೂ ಇಲ್ಲ ನೋಡಿ. ಕೆರೆ ನುಂಗಿ ಮುಗಿಸಿ, ಸಾವಿರ ಸಾವಿರದೈನೂರು ಅಡಿ ಕೊರ್ಸಿ, ಬಂಡೆ ಸಂದಿಲಿ ಕೂತಿರೋ ನೀರನ್ನ ಎತ್ತಿದ್ರೆ ಗ್ರಾನೈಟೇ ಮುತುವರ್ಜಿ ವಹಿಸಿ ಫ್ಲೋರೈಡ್ ಹಾಕಿ ಕಳಿಸುತ್ತೆ.

ಸ್ಕೂಲ್‌ಗಳಲ್ಲಿ ದಂತ ತಪಾಸಣೆ ಕ್ಯಾಂಪ್ ನಡೆಯುತ್ತಲ್ಲ, ಅದನ್ನ ಒಂದ್ಸಲ ನೋಡ್ಬೇಕು. ಆರನೇ ಕ್ಲಾಸ್ ಹುಡುಗಿ ಬಾಯಿ ಬಿಟ್ರೆ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ಪಕ್ಕದಲ್ಲಿ ಸುಣ್ಣ ಬಳಿದಂಗೆ ಬಿಳಿ ಮಚ್ಚೆ. "ಎರಡು ಹೊತ್ತು ಚೆನ್ನಾಗಿ ಉಜ್ಜಬೇಕಮ್ಮಾ" ಅಂತ ಬುದ್ಧಿ ಹೇಳಿ ಒಂದು ಪೇಸ್ಟ್ ಕೈಗಿಡ್ತಾರೆ, ಟ್ಯೂಬ್ ಮೇಲೆ ದಪ್ಪಕ್ಷರದಲ್ಲಿ 'ಫ್ಲೋರೈಡ್‌ಯುಕ್ತ'. ಆ ಕಲೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಹುಟ್ಟೋಕೆ ಮುಂಚೆನೇ ಒಸಡಿನೊಳಗೆ ಆಗಿರೋದು, ಉಜ್ಜಿದ್ರೆ ಬ್ರಷ್ ಸವೆಯುತ್ತೆ ಅಷ್ಟೆ. ಫೋಟೋಗೆ ನಗಮ್ಮ ಅಂದ್ರೆ ಆ ಮಗು ಕೈ ಅಡ್ಡ ಇಟ್ಕೊಳ್ಳುತ್ತೆ. ಇನ್ನು ನೀರು ಕಾಯಿಸಿ ಆರಿಸಿ ಕುಡೀರಿ ಅನ್ನೋ ಸಾಹೇಬ್ರು ಬೇರೆ, ಕಾಯಿಸಿದ್ರೆ ಆವಿಯಾಗೋದು ನೀರು, ಫ್ಲೋರೈಡ್ ಪಾತ್ರೇಲೇ ಉಳ್ಕೊಳ್ಳುತ್ತೆ ಸಾರ್.

2025ರ ಜನವರಿಲಿ ಜಾಮಾ ಪೀಡಿಯಾಟ್ರಿಕ್ಸ್ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೇಲಿ 74 ಅಧ್ಯಯನ ಒಟ್ಟು ಹಾಕಿ ನೋಡಿದ್ರು. ಬಹಳಷ್ಟು ಚೀನಾದ್ದು, ನಮ್ಮ ದೇಶದ್ದೂ ಇವೆ, ಅಮೆರಿಕದ್ದು ಒಂದೂ ಇಲ್ಲ! ಫ್ಲೋರೈಡ್ ಜಾಸ್ತಿ ಇದ್ದಲ್ಲಿ ಐಕ್ಯೂ ಕಮ್ಮಿ, ಆದ್ರೆ ಲೀಟರ್‌ಗೆ 1.5 ಮಿಲಿಗ್ರಾಂಗಿಂತ ಕೆಳಗೆ ಗಟ್ಟಿಯಾಗಿ ಹೇಳೋಕಾಗಲ್ಲ ಅಂದ್ರು. ಅಂದ್ರೆ ನೀರು ಕುಡಿದಿದ್ದು ನಮ್ಮಂಥೋರ ಮಕ್ಕಳು, ತೀರ್ಪು ಬಂದಿದ್ದು ಅವರ ಮಕ್ಕಳಿಗೆ.

ಆ 74ರಲ್ಲಿ ಮುಕ್ಕಾಲುಪಾಲು ಅಧ್ಯಯನ ಅಷ್ಟು ನೆಚ್ಚೋ ಹಾಗಿಲ್ಲ ಅಂತ ತಕರಾರಿದೆ, ಆಡ್ಲಿ ಜಗಳ. ಆದ್ರೆ ಹಲ್ಲು, ಮೂಳೆ ವಿಚಾರದಲ್ಲಿ ಯಾರ ತಕರಾರೂ ಇಲ್ವಲ್ಲ. ಪಕ್ಕದ ನೆಲ್ಲೂರಲ್ಲಿ ಜನರ ಬೆನ್ನು ಸೆಟೆದುಕೊಳ್ಳೋದು ಫ್ಲೋರೈಡ್‌ನಿಂದ ಅಂತ ಡಾಕ್ಟರ್‌ಗಳು ಬರೆದಿದ್ದು 1937ರಲ್ಲಿ, ಬ್ರಿಟಿಷರಿದ್ದಾಗ. ಇವತ್ತಿಗೂ ನಮ್ಮ ಕಡೆ ವಯಸ್ಸಾದೋರು ಗೋಡೆ ಹಿಡ್ಕೊಂಡು ಏಳ್ತಾರೆ, ವಯಸ್ಸಿನ ವಾಯು ಅಂತ ನೋವಿನ ಮಾತ್ರೆ ಬರ್ಕೊಡ್ತಾರೆ. ನಾಚಿಕೆಯಾಗ್ಬೇಕು.

ಶುದ್ಧ ನೀರಿನ ಘಟಕ ಇದೆಯಲ್ಲ ಅಂತೀರ? ಇದೆ, ಉದ್ಘಾಟನೆ ಮಾಡಿದೋರ ಹೆಸರು ಕೆತ್ತಿರೋ ಕಲ್ಲಿದೆ (ಅದೂ ಗ್ರಾನೈಟೇ), ಕಾಯಿನ್ ಹಾಕೋ ತೂತಿದೆ, ಒಳಗಡೆ ನೀರು ಸೋಸೋ ಮೆಂಬ್ರೇನ್ ಹೋಗಿ ಯಾವ ಕಾಲ ಆಯ್ತೋ. ಕೇಳಿದ್ರೆ ಪಶ್ಚಿಮ ಘಟ್ಟದಿಂದ ನೀರು ತರೋ ಎತ್ತಿನಹೊಳೆ ಯೋಜನೆ ಬರುತ್ತೆ ತಡ್ಕೊಳ್ಳಿ ಅಂತಾರೆ. 8 ಸಾವಿರ ಚಿಲ್ಲರೆ ಕೋಟಿ ಅಂತ ಶುರುವಾಗಿದ್ದು 23 ಸಾವಿರ ಕೋಟಿ ದಾಟ್ತು, ಆದ್ರೂ ಪ್ರತಿ ಎಲೆಕ್ಷನ್‌ಗೂ ಅದನ್ನೇ ನಂಬ್ಕೊಂಡು ಓಟು ಹಾಕ್ತೀವಿ, ಐಕ್ಯೂ ಮೇಲೆ ರಿಸರ್ಚ್ ಮಾಡೋರಿಗೆ ಸ್ಯಾಂಪಲ್ ಬೇಕಿದ್ರೆ ಬರ್ಲಿ.