ಸುಮ್ನೆ ಅಜ್ಜಿ ಕಥೆ ಅಂತೆ!

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ನಿನ್ನೆ ಗೆಳೆಯನನ್ನು ಐರ್ಲೆಂಡಿನ ಮೇಯೋ ಕಡೆ ಕರೆದುಕೊಂಡು ಹೋಗಿದ್ದೆ. ಡೂಲಾಕ್ ಕಣಿವೆಯಲ್ಲಿ 1849ರ ಬರದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಶಿಲುಬೆ ಇದೆಯಲ್ಲ, ಅಲ್ಲಿಗೆ. ಅದರ ಮೇಲೆ ಗಾಂಧೀಜಿಯ ಮಾತು ಕೆತ್ತಿದ್ದಾರೆ. ಪುಣ್ಯಾತ್ಮ ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡ. ಆಮೇಲೆ ಶುರು ಮಾಡಿದ.

‘ಆಗಿನ ಪೇಪರಲ್ಲಿ ಏಳು ಹೆಣ ಅಂತಿದೆ. ಊರವರು ನೂರಾರು ಅಂತಾರೆ. ಸುಮ್ನೆ ಅಜ್ಜಿ ಕಥೆ ಬಿಡೋ.’

1849ರ ಮಾರ್ಚ್ ಕೊನೆ. ಆಲೂಗಡ್ಡೆ ಬೆಳೆ ಕೈಕೊಟ್ಟು ಬಂದ ಬರ. ಲೂಯಿಸ್‌ಬರ್ಗಿನಲ್ಲಿ ನೂರಾರು ಜನ ಪರಿಹಾರಕ್ಕೆ ಕಾದಿದ್ದರು. ‘ನಾಳೆ ಬೆಳಿಗ್ಗೆ ಡೆಲ್ಫಿ ಲಾಡ್ಜ್ ಬಂಗಲೆಗೆ ಬನ್ನಿ’ ಎಂದರು ಪರಿಹಾರ ಕೊಡುವ ಸಾಹೇಬರು. ಸುಮಾರು 19 ಕಿಲೋಮೀಟರ್, ಕೊರೆಯುವ ಚಳಿ, ಖಾಲಿ ಹೊಟ್ಟೆ. ಅಲ್ಲಿ ಸಾಹೇಬರ ಊಟ ಮುಗಿಯುವವರೆಗೆ ಕಾಯಿಸಿ ಬರಿಗೈಲಿ ಕಳಿಸಿದರಂತೆ. ವಾಪಸ್ ಬರುವಾಗ ದಾರಿಯಲ್ಲೇ ಬಿದ್ದರು. ಏಳು ಅನ್ನುವುದು ರಸ್ತೆ ಬದಿ ಸಿಕ್ಕ ಹೆಣಗಳ ಲೆಕ್ಕ. ಮನೆಗೆ ಮುಟ್ಟಿ ಸತ್ತವರನ್ನು ಯಾವ ಪೇಪರು ಎಣಿಸುತ್ತೆ?

ಊರವರ ನೆನಪು ತಪ್ಪುತ್ತೆ ನಿಜ. 1945ರಲ್ಲಿ ಐರಿಶ್ ಜಾನಪದ ಆಯೋಗದವರು ಊರೂರಲ್ಲಿ ಬರದ ನೆನಪು ಕೇಳಿದಾಗ ಎಷ್ಟೋ ಮುದುಕರು ‘ನಮ್ಮೂರಲ್ಲಿ ಅಷ್ಟೇನಿರಲಿಲ್ಲ, ಪಕ್ಕದೂರಲ್ಲಿ ಜಾಸ್ತಿ’ ಎಂದರು. ಆ ಬರದಲ್ಲಿ ಇಡೀ ದೇಶದಲ್ಲಿ ಸತ್ತವರು ಸುಮಾರು 10 ಲಕ್ಷ. ಎಲ್ಲರೂ ಪಕ್ಕದೂರಿನವರೇ! ಆದರೆ ‘ನಮ್ಮ ತಾತ ಮಿಷನರಿಗಳು ಕೊಡುವ ಸೂಪಿಗಾಗಿ ತನ್ನ ಧರ್ಮ ಬಿಟ್ಟ, ಸತ್ತ ನೆರೆಯವನ ಹೊಲ ಒಳಗೆ ಹಾಕಿಕೊಂಡ’ ಅಂತ ಯಾರು ಬಾಯಿ ಬಿಡುತ್ತಾರೆ ಹೇಳಿ. ಆ ಸುಳ್ಳಿನಲ್ಲಿರುವ ನಾಚಿಕೆ ಯಾವ ಸರ್ಕಾರಿ ಕಡತದಲ್ಲಿದೆ?

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ನಮ್ಮಜ್ಜಿ ಧಾತು-ಈಶ್ವರ ಬರದ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. 1876-78ರ ಬರ, ಅವರಜ್ಜಿ ಕಂಡಿದ್ದು. ಕತ್ತಾಳೆ ದಿಂಡು ಬೇಯಿಸಿ ತಿಂದರಂತೆ ಅನ್ನುವುದಷ್ಟೇ ನೆನಪಿದೆ. ಗಂಟಲು ಕೆರೆಯಲಿಲ್ವಾ ಅಂತ ಕೂಡ ಕೇಳಲಿಲ್ಲ. ಏಳು ಹೆಣ ಅಂದವನ ಮೇಲೆ ಯಾಕಷ್ಟು ಉರಿಯಿತು ಅಂತ ರಾತ್ರಿ ಹೊಳೆಯಿತು.

ಅಂದಹಾಗೆ, ಬರದಲ್ಲಿ ಸತ್ತವರು ಬಿದ್ದ ಜಾಗದಲ್ಲಿ ‘ಹಸಿದ ಹುಲ್ಲು’ ಬೆಳೆಯುತ್ತೆ, ತುಳಿದವರಿಗೆ ಕೈಕಾಲು ಬಿದ್ದುಹೋಗುವಷ್ಟು ಹಸಿವಾಗುತ್ತೆ ಅಂತ ಇಲ್ಲಿಯವರ ನಂಬಿಕೆ. ಜೇಬಲ್ಲಿ ರೊಟ್ಟಿ ಚೂರು ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಸೆಲ್ಫಿಗೆ ಅಂತ ಹುಲ್ಲೆಲ್ಲ ತುಳಿದವನು ಕಾರು ಹತ್ತಿ ಐದು ನಿಮಿಷಕ್ಕೆ ‘ಮಗಾ, ಸಿಕ್ಕಾಪಟ್ಟೆ ಹಸಿವು, ಏನಾದ್ರೂ ಇದೆಯಾ?’ ಅಂದ.

ಬ್ಯಾಗಲ್ಲಿ ಕೋಡುಬಳೆ ಇತ್ತು. ಕೊಟ್ಟೆ. ಯಾಕೆ ಹಸಿವಾಯಿತು ಅಂತ ಮಾತ್ರ ಹೇಳಲಿಲ್ಲ.